ಆರೋಗ್ಯವಂತ ನಂಬರ್ ಒಂದು

ಮೊರೊಹಾಶಿ ಮೇಷ್ಟ್ರು ಮತ್ತೆ ಕೆರೆದುಕೊಳ್ಳುತ್ತಿದ್ದರು. ಕೋಟಿನ ತೋಳಿನೊಳಗೆ ಮರದ ಸ್ಕೇಲು ತೂರಿಸಿ ಮಣಿಕಟ್ಟಿನಿಂದ ಮೊಣಕೈವರೆಗೆ, ಮೊಣಕೈಯಿಂದ ಮಣಿಕಟ್ಟಿಗೆ ಎಳೆಯುತ್ತಿದ್ದರು. ಕಣ್ಣು ಮಾತ್ರ ಕಾಗದ ಬಿಟ್ಟು ಕದಲಲಿಲ್ಲ. ಸಭೆಯಲ್ಲಿದ್ದ ಉಳಿದ ಎಂಟು ಜನವೂ ತಮ್ಮತಮ್ಮ ಕಾಗದದ ಮೇಲೆ ಬಗ್ಗಿದ್ದರು. ಆ ಸದ್ದು ತಮ್ಮ ಕಿವಿಗೆ ಬೀಳುತ್ತಲೇ ಇಲ್ಲ ಎನ್ನುವಂತೆ ಕೂರುವುದನ್ನು ಅವರೆಲ್ಲ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಪ್ರಯೋಗಾಲಯದ ಉಬುಕಾತಾ ಚಿಗುಸಾಗೆ ಇವತ್ತು ಆ ಅಭ್ಯಾಸ ಕೈಕೊಟ್ಟಿತ್ತು. ಪರ್ ಪರ್ ಎಂಬ ಸದ್ದು ನೇರವಾಗಿ ತನ್ನ ಹಲ್ಲಿನ ಬುಡಕ್ಕೇ ಬರುತ್ತಿದೆ ಅನ್ನಿಸಿತು. ಚರ್ಮದ ನೀರುಗುಳ್ಳೆ ರೋಗದಲ್ಲಿ ಸಪ್ಪೊರೊ ಊರಿಗೇ ದೊಡ್ಡ ಹೆಸರು ಈ ಮನುಷ್ಯನದು. ಗುಳ್ಳೆ ಏಳುವುದಕ್ಕೆ ವರ್ಷ ಮೊದಲೇ ಬರೀ ತುರಿಕೆಯಾಗಿ ರೋಗ ಬಂದು ಕೂತಿರುತ್ತದೆ, ಆಗಲೇ ಹಿಡಿಯಬೇಕು ಎಂದು ಮೂವತ್ತು ವರ್ಷದಿಂದ ಪಾಠ ಹೇಳುತ್ತಿದ್ದಾರೆ. ಸ್ಕೇಲು ಕೆಳಗಿಡಿ ಮೇಷ್ಟ್ರೇ, ಎಂದು ಕೂಗಬೇಕೆನ್ನಿಸಿತು. ಅವಳು ನೀರು ಕುಡಿದಳು.

ಕಾಗದ ಬಂದದ್ದು ಮೊದಲು ಅವಳ ಮುಂದೆಯೇ. ಸಹಿಯ ಬದಲು ಒತ್ತುವ ಹೆಸರಿನ ಮೊಹರು ಕೆಳಗಿನವರಿಂದ ಶುರುವಾಗಿ ಮೇಲಕ್ಕೆ ಹೋಗಬೇಕು; ಕಿರಿಯರ ಮೊಹರು ಹಿರಿಯರ ಚೌಕದ ಕಡೆ ಕೊಂಚ ವಾಲಿ, ತಲೆಬಾಗಿದ ಹಾಗೆ ಬೀಳಬೇಕು. ಅವಳ ಚೌಕ ತೀರಾ ಕೆಳಗೆ, 'ತಯಾರಿಸಿದವರು' ಎಂಬಲ್ಲಿ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಅಂಕಿ: ಹದಿನೆಂಟು. ರಕ್ತದಲ್ಲಿ ಪ್ರತಿಕಾಯ ಹದಿನೆಂಟು ದಾಟಿದರೆ ರೋಗಿ, ಒಳಗಿದ್ದರೆ ಆರೋಗ್ಯವಂತ. ಇಷ್ಟು ದಿನ ಈ ಪರೀಕ್ಷೆ ಅವರ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ಮಾತ್ರ ನಡೆಯುತ್ತಿತ್ತು. ಇವತ್ತು ಎಲ್ಲರ ಮೊಹರು ಬಿದ್ದರೆ ಸಂಜೆ ನಾಲ್ಕೂವರೆಗೆ ಕಂಪನಿಯವರು ಬಂದು ಕಾಗದ ಒಯ್ಯುತ್ತಾರೆ, ಮುಂದೆ ಪರೀಕ್ಷೆಯ ಪೆಟ್ಟಿಗೆ ದೇಶದ ಎಲ್ಲ ಆಸ್ಪತ್ರೆಗೂ ಹೋಗುತ್ತದೆ, ಅದರ ಜೊತೆ ಈ ಹದಿನೆಂಟೂ ಹೋಗುತ್ತದೆ. ಹದಿನೆಂಟು ತಪ್ಪು. ಹನ್ನೆರಡು ಇರಬೇಕು. ಇದು ಚಿಗುಸಾಗೆ ಗೊತ್ತು, ಪಕ್ಕದಲ್ಲಿ ಕೂತ, ಹುದ್ದೆಯಲ್ಲಿ ಮೇಷ್ಟ್ರ ನಂತರದವನಾದ ಇನೊಮಾತಾಗೆ ಗೊತ್ತು, ಈ ಮೇಜಿನ ಸುತ್ತ ಕೂತು ಕಿವುಡರಂತೆ ನಟಿಸುತ್ತಿರುವ ಎಲ್ಲರಿಗೂ ಗೊತ್ತು.

"ಕ್ಷಮಿಸಿ, ಮೊಹರು ಮನೇಲೇ ಮರೆತು ಬಂದೆ," ಎಂದಳು. ಮೊಹರು ಜೇಬಿನಲ್ಲಿತ್ತು, ಅವಳ ಬೆರಳು ಅದನ್ನೇ ತಿರುಗಿಸುತ್ತಿದ್ದವು.

"ಹನ್ನೆರಡು ವರ್ಷದ ಕೆಲಸ ಮುಗಿಯೋ ದಿನ ಮೊಹರು ಮರೀತೀರಾ? ಮನೇಲಿ ತಲೆನೂ ಮರೆತು ಬಂದ್ರೋ ಹೇಗೆ?" ಎಂದ ಇನೊಮಾತಾ. ಇಬ್ಬರು ನಕ್ಕರು. ಮೇಷ್ಟ್ರು ಸ್ಕೇಲು ಈಚೆ ತೆಗೆದು, "ಪರವಾಗಿಲ್ಲ, ನಾಲ್ಕು ಗಂಟೆಯೊಳಗೆ ತರಿಸ್ಕೊಳ್ಳಿ," ಎಂದರು. ಎಷ್ಟು ಒಳ್ಳೆಯ ದನಿ. ಇವರು ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು ಎಂದು ಅವಳಿಗೆ ಇನ್ನಷ್ಟು ರೇಗಿತು.

ನಾಲ್ಕು ವರ್ಷದ ಹಿಂದೆ ಡಿಸೆಂಬರ್ ಇಪ್ಪತ್ತೆಂಟು, ವರ್ಷದ ಕೊನೆಯ ಗುಡಿಸಿ ಸಾರಿಸುವ ದಿನ. ಬಕೆಟ್ಟುಗಳು ಇನ್ನೂ ಪಡಸಾಲೆಯಲ್ಲೇ ಇದ್ದವು, ನೆಲ ಒದ್ದೆ ಇತ್ತು. ಆರೋಗ್ಯವಂತರ ರಕ್ತ ಬೇಕು, ಹೊರಗಿನವರನ್ನು ಯಾಕೆ ಪೀಡಿಸುವುದು, ನಾವೇ ಕೊಡೋಣ ಎಂದು ಮೇಷ್ಟ್ರು ಎಲ್ಲರಿಗಿಂತ ಮೊದಲು ತೋಳು ಮಡಚಿ ಕೂತರು. ಎರಡು ಮಹಡಿ ಸೇರಿ ನಲವತ್ತು ಜನ ಸಾಲಿನಲ್ಲಿ ನಿಂತರು. ಯಾರ ರಕ್ತ ಯಾವುದು ಎಂದು ಯಾರಿಗೂ ತಿಳಿಯಬಾರದು, ನಂಬರು ಕಲಸಿ ಅಂಟಿಸಿ ಎಂದು ಕಟ್ಟುನಿಟ್ಟು ಮಾಡಿದವರೂ ಮೇಷ್ಟ್ರೇ. ಚಿಗುಸಾ ಚೀಟಿ ಕಲಸಿಯೇ ಇಟ್ಟಿದ್ದಳು. ಮೇಷ್ಟ್ರಿಗೆ ಬಂದದ್ದು ಇಪ್ಪತ್ತೊಂಬತ್ತು. ಇನೊಮಾತಾ ಅದನ್ನು ನೋಡಿ ಅವಳನ್ನು ಬಾಗಿಲ ಹಿಂದಕ್ಕೆ ಕರೆದು, "ಮೇಷ್ಟ್ರಿಗೆ ಇಪ್ಪತ್ತೊಂಬತ್ತನೇ ನಂಬರು ಕೊಡ್ತೀರಾ? ಕಸ ಹೊಡೆಯೋರಿಗೆ ಒಂದನೇದಾ? ನಿಮಗೆ ಬುದ್ಧಿ ನೆಟ್ಟಗಿದೆಯಾ?" ಎಂದು ಕೇಳಿ ಚೀಟಿಗಳನ್ನು ತಾನೇ ಜೋಡಿಸಿದ. ಒಂದು ಮೇಷ್ಟ್ರು, ಎರಡು ಇನೊಮಾತಾ, ಮೂರು, ನಾಲ್ಕು, ಹುದ್ದೆಯ ಪ್ರಕಾರ. ಎಂಟು ವರ್ಷದಿಂದ ಇದ್ದರೂ ಚಿಗುಸಾ ಗುತ್ತಿಗೆಯವಳು, ಆದ್ದರಿಂದ ನಿನ್ನೆ ಮೊನ್ನೆ ಕಾಯಂ ಆದವರ ಹಿಂದೆ ಹದಿನೇಳನೆಯವಳು. ಹೀಗೆ ನಲವತ್ತು ಗುಟ್ಟಿನ ನಂಬರುಗಳನ್ನು ಸಂಬಳದ ಪಟ್ಟಿ ನೋಡಿದ ಯಾರಾದರೂ ಓದಬಹುದಿತ್ತು. ಅವು ಗುಟ್ಟು ಎಂದು ಕೊನೆಯವರೆಗೂ ನಂಬಿದವರು ಮೇಷ್ಟ್ರೊಬ್ಬರೇ. ತಮ್ಮ ರಕ್ತ ಎಷ್ಟು ಬಂತು ಎಂದು ಅವರು ಕೇಳಲೇ ಇಲ್ಲ. ಕೇಳುವುದು ನಿಯಮಕ್ಕೆ ವಿರುದ್ಧ ಎಂದು ತಿಳಿದಿದ್ದರು. ನಂಬರ್ ಒಂದು ಇಪ್ಪತ್ತೇಳು ಬಂದಿತ್ತು. ಉಳಿದವರೆಲ್ಲ ಮೂರು, ನಾಲ್ಕು, ಆರರಲ್ಲಿದ್ದರು.

ಸಭೆ ಮುಗಿಸಿ ಅವಳು ಹುಳುವಿನ ಕೋಣೆಗೆ ಹೋದಳು. ಟ್ರೇಗಳಲ್ಲಿ ರೇಷ್ಮೆಹುಳುಗಳು ಹಸಿರು ಹಲ್ವದಂಥ ಮೇವನ್ನು ತಿನ್ನುತ್ತಿದ್ದವು. ಮಾರ್ಪಡಿಸಿದ ವೈರಸ್ಸನ್ನು ಸೂಜಿಯಿಂದ ಇವುಗಳ ಮೈಗೆ ಹಾಕಿದರೆ ಐದು ದಿನದಲ್ಲಿ ಹುಳು ತನ್ನೊಳಗೆ ಮನುಷ್ಯರ ಚರ್ಮದ ಪ್ರೋಟೀನು ಮಾಡಿಕೊಡುತ್ತದೆ, ಮೇಲಿನ ಪದರವನ್ನು ಕೆಳಗಿನ ಪದರಕ್ಕೆ ಅಂಟಿಸಿ ಹಿಡಿದಿರುವ ಪ್ರೋಟೀನು. ರೋಗಿಯ ರಕ್ತ ತನ್ನದೇ ಆ ಅಂಟನ್ನು ಪರರದೆಂದು ತಿಳಿದು ಕಚ್ಚುತ್ತದೆ. ಎಷ್ಟು ಜೋರಾಗಿ ಕಚ್ಚುತ್ತದೆ ಎಂದು ಅಳೆಯಲು ಶುದ್ಧವಾದ ಅಂಟು ಬೇಕು. ಅದನ್ನು ತೆಗೆಯುವುದರಲ್ಲಿ ಚಿಗುಸಾಳ ಕೈಗೆ ಸಾಟಿ ಇರಲಿಲ್ಲ, ಇದನ್ನು ಅವಳು ಜಂಬವಿಲ್ಲದೆ ತಿಳಿದಿದ್ದಳು. ಆದರೆ ಇಪ್ಪತ್ತೇಳು ಬಂದ ದಿನ ಇನೊಮಾತಾ ಹೇಳಿದ್ದು, "ನಿಮ್ಮ ಹುಳದಲ್ಲಿ ಏನೋ ಕಸ ಇದೆ." ಹೊಸದಾಗಿ ತೆಗೆದಳು. ಇಪ್ಪತ್ತಾರು. "ಇವತ್ತೂ ನಿಮ್ಮ ಹುಳಗಳಿಗೆ ಮೂಡು ಸರಿಯಿಲ್ಲವೇನೋ." ಮತ್ತೆ ತೆಗೆದಳು. ಇಪ್ಪತ್ತೆಂಟು. ಮೇಷ್ಟ್ರ ರಕ್ತ ತಪ್ಪಿರಲು ಸಾಧ್ಯವಿಲ್ಲ, ಆದ್ದರಿಂದ ಹುಳು ತಪ್ಪಿರಬೇಕು. ಹನ್ನೊಂದು ಸಲ, ಒಂದೊಂದು ಸಲಕ್ಕೆ ಎರಡು ಸಾವಿರ ಹುಳು. ಪ್ರತಿ ಜೂನ್‌ನಲ್ಲಿ ಭಿಕ್ಷು ಬಂದು, ಸತ್ತ ಹುಳುಗಳ ನೆನಪಿಗೆ ನೆಟ್ಟ ಕಲ್ಲಿನ ಮುಂದೆ ಮಂತ್ರ ಹೇಳುವಾಗ ಅವಳು ಕೈಮುಗಿದು, ಮನುಷ್ಯರ ರೋಗಕ್ಕಾಗಿ ಸತ್ತಿರಿ, ಕ್ಷಮಿಸಿ, ಎಂದುಕೊಳ್ಳಬೇಕಿತ್ತು. ಇನೊಮಾತಾನ ಮರ್ಯಾದೆಗಾಗಿ ಸತ್ತಿರಿ ಎಂದು ಬಾಯಿಗೆ ಬರುತ್ತಿತ್ತು. ಕೊನೆಗೆ ಹನ್ನೆರಡನೆಯ ಸಲ ಬೇಡ, ಇಪ್ಪತ್ತೇಳನ್ನೂ ಆರೋಗ್ಯದ ಲೆಕ್ಕಕ್ಕೇ ಸೇರಿಸಿ ಎಂದ. ಹನ್ನೆರಡಿದ್ದ ಗಡಿ ಹದಿನೆಂಟಕ್ಕೆ ಜಿಗಿಯಿತು. ಗುಂಡಿ ಒತ್ತಿದವಳು ಅವಳೇ. ಒತ್ತುವಾಗ, ಅಬ್ಬ ಹುಳುವಿನ ಮೇಲಿನ ಅಪವಾದ ಹೋಯಿತಲ್ಲ ಎಂಬ ನೆಮ್ಮದಿಯೊಂದೇ ಇತ್ತು. ಹನ್ನೆರಡಕ್ಕೂ ಹದಿನೆಂಟಕ್ಕೂ ನಡುವೆ ಮನುಷ್ಯರಿರುತ್ತಾರೆ ಎಂದು ಆಗ ಹೊಳೆಯಲಿಲ್ಲ. ಹೊಳೆದಿತ್ತು. ಸುಳ್ಳು ಯಾಕೆ, ಹೊಳೆದಿತ್ತು.

ನಡುವೆ ಇದ್ದ ಮನುಷ್ಯರಲ್ಲಿ ಒಬ್ಬರಿಗೆ ಮುಖ ಇತ್ತು. ಕಳೆದ ವರ್ಷ ಅಕ್ಟೋಬರ್‌ನಲ್ಲಿ ರಕ್ತದ ಕೊಳವೆ ತರಲು ಕೆಳಗಿನ ಚಿಕಿತ್ಸಾಲಯಕ್ಕೆ ಹೋದಾಗ ಬೆಂಚಿನ ಮೇಲೆ ನುಕುಯಿ ಎಂಬ ಮುದುಕ ಕೂತಿದ್ದ. ಟ್ರಾಮ್ ಓಡಿಸಿ ನಿವೃತ್ತನಾದವನು. ಉಗುರು ತಾಗದಿರಲಿ ಎಂದು ಕೈಗೆ ಚಾಲಕರ ಬಿಳಿ ಹತ್ತಿಯ ಗವಸು ಹಾಕಿಕೊಂಡಿದ್ದ. ಪಕ್ಕದಲ್ಲಿ ಹೆಂಡತಿ. ಅವನ ಕೈ ಕುತ್ತಿಗೆಯ ಕಡೆ ಏಳುವುದು, ಅವಳು ಪಟ್ಟನೆ ಹೊಡೆದು ಇಳಿಸುವುದು. ಚಿಗುಸಾಳ ಬಿಳಿ ಕೋಟು ನೋಡಿ ಅವನು, "ತಾಯಿ, ಹೋದ ಸಲದ ರಕ್ತದಲ್ಲಿ ಏನಾದ್ರೂ ಸಿಕ್ತಾ?" ಎಂದು ಕೇಳಿದ. ರೋಗಿಗಳ ಜೊತೆ ಮಾತಾಡುವುದು ಅವಳ ಕೆಲಸವಲ್ಲ. ಕೈಯಲ್ಲಿದ್ದ ಪಟ್ಟಿ ನೋಡಿದಳು. ಚಳಿಗಾಲ, ವಯಸ್ಸು, ಎಣ್ಣೆ ಹಚ್ಚಲಿ ಎಂದು ಮೇಷ್ಟ್ರ ಕೈಬರಹ, ಅದರ ಪಕ್ಕ ಅಂಕಿ. ಹದಿನಾರು. "ಮಿತಿಯ ಒಳಗೇ ಇದೆ. ಸಮಾಧಾನವಾಗಿರಿ," ಎಂದಳು. ಆ ಮನುಷ್ಯನ ಮುಖ ಸಮಾಧಾನಗೊಳ್ಳಲಿಲ್ಲ. ಏನಾದರೂ ಸಿಕ್ಕಿರಲಿ ಎಂದು ಅವನು ಆಸೆಪಟ್ಟಿದ್ದ. "ಕೇಳಿಸ್ಕೊಂಡ್ರಾ?" ಎಂದಳು ಹೆಂಡತಿ. "ಏನೂ ಇಲ್ವಂತೆ. ಇನ್ನಾದ್ರೂ ನಾಟಕ ಸಾಕು ಮಾಡಿ. ರಾತ್ರಿಯೆಲ್ಲ ಪರಪರ, ನನಗಂತೂ ಹುಚ್ಚು ಹಿಡಿಯುತ್ತೆ." ಅವನು ಗವಸನ್ನು ಬೆರಳುಗಳ ಸಂದಿಯಲ್ಲಿ ಸರಿಪಡಿಸಿಕೊಂಡು, "ಅಲ್ಲ ಕಣೇ, ಕಡಿಯುತ್ತೆ," ಎಂದ, ಅಷ್ಟೇ. ಅದಾದ ಮೇಲೆ ಚಿಗುಸಾ ಕೊಳವೆಗಳನ್ನು ಎಣಿಸಿ ಸಹಿ ಮಾಡಿ ಲಿಫ್ಟ್ ಹತ್ತಿದ್ದಳು, ಮಧ್ಯಾಹ್ನ ಊಟದ ಡಬ್ಬಿಯಲ್ಲಿ ಉಪ್ಪು ಹಚ್ಚಿದ ಸಾಲ್ಮನ್ ಇತ್ತು, ಚೆನ್ನಾಗಿತ್ತು. ಇಷ್ಟೆಲ್ಲ ನೆನಪಿರಬೇಕಾದ ಅಗತ್ಯವೇನು?

"ಏನು ನಡೀತಿದೆ?" ಇನೊಮಾತಾ ಬಾಗಿಲಲ್ಲಿ ನಿಂತಿದ್ದ. "ಮೊಹರು ನಿಮ್ಮ ಜೇಬಲ್ಲೇ ಇದೆ. ನಾನೇನು ಕುರುಡನಾ?"

"ಒಂದನೇ ನಂಬರು ತೆಗೀಬೇಕು."

"ತೆಗೆಯೋಣ. ಬೇಡ ಅಂದವರು ಯಾರು? ಮುಂದಿನ ಮಾರ್ಚ್‌ಗೆ ಮೇಷ್ಟ್ರು ನಿವೃತ್ತಿ ಆಗ್ತಾರೆ. ಹೂವಿನ ಗುಚ್ಛ ಕೊಡೋಣ, ಫೋಟೋ ತೆಗೆಸ್ಕೊಳ್ಳೋಣ, ಏಪ್ರಿಲ್‌ನಲ್ಲಿ ಗಡಿ ಪರಿಷ್ಕರಣೆ ಅಂತ ಒಂದು ಸಣ್ಣ ಪ್ರಬಂಧ ಬರೆಯೋಣ. ನಿಮ್ಮ ಹೆಸರೇ ಮೊದಲು ಹಾಕ್ತೀನಿ, ಆಯ್ತಾ?"

"ಅಲ್ಲೀವರೆಗೆ ಒಂದು ವರ್ಷ, ಬರೋ ರೋಗಿಗಳೆಲ್ಲ ಔಷಧಿ ಇಲ್ದೆ ವಾಪಸ್ ಹೋಗ್ತಾರಲ್ಲ."

"ನಾಲ್ಕು ವರ್ಷ ಹೋಗಿಲ್ವಾ? ಇವತ್ತೇ ನಿಮಗೆ ಮೈಮೇಲೆ ಬಂತಾ?" ದನಿ ತಗ್ಗಿಸಿದ. "ಉಬುಕಾತಾ ಅವ್ರೇ, ಯಾರು ಹೋಗಿ ಹೇಳ್ಬೇಕು? ನಿಮ್ಮ ರಕ್ತ ಆರೋಗ್ಯವಂತರ ರಕ್ತ ಅಲ್ಲ ಅಂತ? ದೇಶಕ್ಕೆಲ್ಲ ಈ ರೋಗ ತೋರಿಸಿಕೊಟ್ಟೋರು ತಮ್ಮ ಕೈಮೇಲಿನದು ನೋಡಿಲ್ಲ ಅಂತ? ಅವರ ಮುಖ ಏನಾಗ್ಬೇಕು? ನೀವು ಹೇಳ್ತೀರಾ? ಹೇಳಿ ನೋಡೋಣ."

ಇನೊಮಾತಾನಿಗೆ ಮೇಷ್ಟ್ರ ಮೇಲೆ ನಿಜವಾದ ಪ್ರೀತಿ ಇದೆ ಎಂಬುದು ಅವಳನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿತು. ಪ್ರೀತಿಯಿಂದಲೇ ಅವರನ್ನು ನಾಲ್ಕು ವರ್ಷ ಸ್ಕೇಲಿನಿಂದ ಕೆರೆದುಕೊಳ್ಳಲು ಬಿಟ್ಟಿದ್ದಾನೆ. ಎಲ್ಲರೂ ಬಿಟ್ಟಿದ್ದೇವೆ. ಒಬ್ಬ ಮುದುಕನಿಗೆ ಅವನ ಕಾಯಿಲೆಯ ಹೆಸರು ಹೇಳುವುದಕ್ಕಿಂತ ಇಪ್ಪತ್ತೆರಡು ಸಾವಿರ ಹುಳುಗಳನ್ನು ಅರೆಯುವುದು ಇವರಿಗೆ ಸುಲಭವಾಗಿ ಕಂಡಿತ್ತು. ಅವಳಿಗೂ ಕಂಡಿತ್ತು. ಕಿಟಕಿಯ ಹೊರಗೆ ಮಾರ್ಚ್‌ನ ಕೊಳಕು ಹಿಮ ಕರಗಿ ರಸ್ತೆಯೆಲ್ಲ ರಾಡಿಯಾಗಿತ್ತು, ಜನ ಬೂಟು ಎತ್ತಿ ಎತ್ತಿ ಇಡುತ್ತಿದ್ದರು. ಗಂಟೆ ಮೂರಾಯಿತು. ಅವಳು ಸೂಜಿ, ಕೊಳವೆ, ಸ್ಪಿರಿಟ್ಟಿನ ಹತ್ತಿ ಒಂದು ತಟ್ಟೆಯಲ್ಲಿಟ್ಟುಕೊಂಡು ಮೇಷ್ಟ್ರ ಕೋಣೆಗೆ ನಡೆದಳು. ಬಾಯಿ ಬಿಟ್ಟು ಹೇಳಲು ಬಾರದಿದ್ದರೆ ಸೂಜಿಯಾದರೂ ಹೇಳಲಿ ಎಂಬ ಹೇಡಿತನದ ಉಪಾಯ ಅದು.

"ನಿಮ್ಮ ರಕ್ತ ಇನ್ನೊಂದು ಸಲ ಬೇಕಿತ್ತು ಮೇಷ್ಟ್ರೇ. ಹಳೇದು ಮುಗೀತು."

"ಓಹೋ, ಮುದುಕನ ರಕ್ತ ಅಷ್ಟು ಖರ್ಚಾಯ್ತಾ," ಎಂದು ನಗುತ್ತ ಅವರು ಕೋಟು ಕಳಚಿ ಅಂಗಿಯ ತೋಳು ಮಡಚಿದರು. ಮಣಿಕಟ್ಟಿನಿಂದ ಮೇಲಕ್ಕೆ ಚರ್ಮ ಕೆಂಪು ದದ್ದುಗಳಾಗಿ ಎದ್ದಿತ್ತು. ಸ್ಕೇಲಿನ ಗೀರುಗಳು ಉದ್ದುದ್ದ. ಮೊಣಕೈಯ ಒಳಮಡಿಕೆಯಲ್ಲಿ ಅವರೆಕಾಳಿನಷ್ಟು ದೊಡ್ಡ, ಬಿಗಿಯಾದ, ತಿಳಿನೀರಿನ ಗುಳ್ಳೆ ಒಂದು. ಇಬ್ಬರೂ ಅದನ್ನು ನೋಡಿದರು. ಗೋಡೆಯ ಮೇಲೆ ಅವರದೇ ಪುಸ್ತಕದ ಚಿತ್ರ ತೂಗುಹಾಕಿತ್ತು, ಅದೇ ಗುಳ್ಳೆ, ಬೇರೆಯವರ ಕೈ.

"ಚಳಿಗಾಲ ನೋಡಿ," ಎಂದರು ಮೇಷ್ಟ್ರು. "ವಯಸ್ಸಾಯ್ತು, ಚರ್ಮ ಒಣಗುತ್ತೆ. ಎಣ್ಣೆ ಹಚ್ಚಿದ್ರೆ ಹೋಗುತ್ತೆ."

"ನುಕುಯಿ ಅವರಿಗೂ ನೀವು ಇದೇ ಹೇಳಿದ್ರಿ!"

ತನ್ನ ದನಿ ಅಷ್ಟು ಕೀರಲಾಗಿ ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು. ತಟ್ಟೆಯಲ್ಲಿ ಕೊಳವೆ ಉರುಳಿತು. "ಚಳಿಗಾಲ, ವಯಸ್ಸು, ಎಣ್ಣೆ ಹಚ್ಚಿ! ನಾನು ಹದಿನಾರು ಬರೆದು ಕೊಟ್ಟೆ, ನೀವು ಎಣ್ಣೆ ಬರೆದು ಕೊಟ್ರಿ. ಎಣ್ಣೆಯಂತೆ ಎಣ್ಣೆ! ಅದು ಏನು ಅಂತ ನಿಮಗೆ ಗೊತ್ತಿಲ್ವಾ ಮೇಷ್ಟ್ರೇ? ಕಣ್ಣು ಬಿಟ್ಟು ನೋಡಿ ಸ್ವಲ್ಪ!"

ಮೇಷ್ಟ್ರು ಕಣ್ಣು ಬಿಟ್ಟು ನೋಡಿದರು. ಕನ್ನಡಕ ತೆಗೆದು, ತೋಳನ್ನು ಮುಖದ ಹತ್ತಿರ ತಂದು, ಬೇರೆ ಯಾರದೋ ತೋಳನ್ನು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದರು. ಬೆರಳಿನಿಂದ ಗುಳ್ಳೆಯ ಅಂಚನ್ನು ಒತ್ತಿದರು. "ನಂಬರ್ ಒಂದು ನಾನೇನಾ?" ಎಂದು ಕೇಳಿದರು.

"ಹೌದು."

"ಎಷ್ಟು?"

"ಇಪ್ಪತ್ತೇಳು."

"ಯಾವಾಗಿಂದ?"

"ಮೊದಲನೇ ದಿನದಿಂದ."

"ಯಾರ್ಯಾರಿಗೆ ಗೊತ್ತು?"

"ಎಲ್ಲರಿಗೂ. ಕಸ ಹೊಡೆಯೋ ಅಜ್ಜಿಗೂ."

ಅವರ ಮುಖ ಕೆಂಪಾಯಿತು. ಈಗ ಬೈಯುತ್ತಾರೆ, ಗುತ್ತಿಗೆ ಮುಗಿಯಿತು, ಸರಿ, ಬೈಯಲಿ ಎಂದು ಅವಳು ಕಾದಳು. ಅವರು ಬೈದದ್ದು ಬೇರೆಯದಕ್ಕೆ. "ಹನ್ನೊಂದು ಸಲ ಹುಳ ಕೆಟ್ಟಿದೆ ಅಂತ ಇನೊಮಾತಾ ಅಂದ್ರಲ್ಲ, ಅದೂ ಇದಕ್ಕೇನಾ? ನಾನು ನಂಬಿ ಸಭೇಲಿ ನಿಮ್ಮನ್ನ ನಿಲ್ಲಿಸಿ ಕೇಳಿದ್ನಲ್ಲ, ಆವತ್ತು ಯಾಕೆ ಬಾಯಿ ಬಿಡ್ಲಿಲ್ಲ ನೀವು?"

"ನೀವು ಒಂದನೇ ನಂಬರು ಮೇಷ್ಟ್ರೇ."

"ಅದು ಉತ್ತರ ಏನ್ರೀ?" ಎಂದು ಅವರು ಮೇಜು ಗುದ್ದಿದರು. ಗುದ್ದಿದ ಕೈ ತುರಿಸಿತೋ ಏನೋ, ಇನ್ನೊಂದು ಕೈ ಅದರ ಕಡೆ ಎದ್ದು, ಅರ್ಧದಲ್ಲೇ ನಿಂತಿತು. ಅವರು ಕೆರೆದುಕೊಳ್ಳಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ತುರಿಕೆಯದೋ ಅವಮಾನದ್ದೋ ಅವಳಿಗೆ ತಿಳಿಯಲಿಲ್ಲ. ಕಂಪನಿಯವರಿಗೆ ಇವತ್ತು ಬರಬೇಡಿ ಅನ್ನಿ ಎಂದರು. ನನ್ನನ್ನು ತೆಗೆದು ಲೆಕ್ಕ ಹಾಕಿ ಎಂದರು. ಅವಳು ಅಲ್ಲೇ ಕೂತು ಹಾಕಿದಳು; ಹನ್ನೆರಡು. ಹನ್ನೆರಡರಿಂದ ಹದಿನೆಂಟರ ನಡುವೆ ವಾಪಸ್ ಹೋದವರು ಎಷ್ಟು ಎಂದು ಕೇಳಿದರು. ಇಪ್ಪತ್ತಮೂರು. ಪ್ರತಿಯೊಬ್ಬರನ್ನೂ ಕರೆಸಬೇಕು, ಇವತ್ತೇ, ತಪ್ಪು ನಮ್ಮದು ಎಂದು ಹೇಳಿ ಕರೆಸಬೇಕು ಎಂದರು. ಫೋನು ತಮ್ಮ ಕಡೆ ಎಳೆದುಕೊಂಡರು, ಸ್ವಲ್ಪ ಹೊತ್ತು ಅದನ್ನೇ ನೋಡಿ ಅವಳ ಕಡೆ ತಳ್ಳಿದರು. "ಮೊದಲನೇದು ನೀವು ಮಾಡಿಕೊಡಿ. ಆಮೇಲಿಂದು ನಾನು ಮಾಡ್ತೀನಿ." ಈ ಕೊನೆಯ ಗಳಿಗೆಯಲ್ಲೂ ಒಂದು ಕೆಲಸ ಕೆಳಗಿನವರ ತಲೆಗೇ! ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು. ಪಟ್ಟಿಯಲ್ಲಿ ಯಾರಿಂದ ಶುರುಮಾಡಬೇಕೆಂದು ಯೋಚಿಸಬೇಕಾಗಿರಲಿಲ್ಲ.

ಫೋನು ಎತ್ತಿದ್ದು ಹೆಂಡತಿ. ಆಸ್ಪತ್ರೆಯಿಂದ ಎಂದಾಗ, "ಬಾಕಿ ಏನೂ ಇಲ್ವಲ್ಲ, ಎಲ್ಲ ಕಟ್ಟಿದ್ದೀವಿ," ಎಂದಳು. ಅದಲ್ಲ, ನುಕುಯಿ ಅವರ ರಕ್ತದ ವಿಷಯ, ಅವರ ಜೊತೆ ಮಾತಾಡಬಹುದಾ ಎಂದು ಚಿಗುಸಾ ಕೇಳಿದಳು.

"ಅವರು ಜನವರೀಲಿ ಹೋದ್ರಮ್ಮ. ಹೃದಯ. ಹಿಮ ಎತ್ತಿ ಹಾಕ್ತಿದ್ರು, ಹಾಗೇ ಕೂತ್ಬಿಟ್ರು."

ಮೇಷ್ಟ್ರು ಎದುರಿಗೆ ಮಡಚಿದ ಅಂಗಿತೋಳು ಇಳಿಸದೆಯೇ ಕೂತಿದ್ದರು. ಈಗ ಇಟ್ಟುಬಿಡಬಹುದು, ಸಂತಾಪ ಹೇಳಿ ಇಟ್ಟುಬಿಡಬಹುದು, ಸತ್ತವರಿಗೆ ಗಡಿಯ ಅಂಕಿ ಯಾಕೆ. ಅವಳು ಇಡಲಿಲ್ಲ. ಅಕ್ಟೋಬರ್‌ನಲ್ಲಿ ಬೆಂಚಿನ ಹತ್ತಿರ ಏನೂ ಇಲ್ಲ ಅಂದವಳು ನಾನೇ ಎಂದಳು. ಲೆಕ್ಕ ತಪ್ಪಿತ್ತು, ತಪ್ಪು ಅಂತ ನಮಗೆ ಗೊತ್ತಿತ್ತು, ಅವರಿಗೆ ಆ ರೋಗ ಇತ್ತು, ಔಷಧಿ ಕೊಟ್ಟಿದ್ದರೆ ತುರಿಕೆ ನಿಲ್ಲುತ್ತಿತ್ತು ಎಂದಳು. ಆ ಕಡೆ ಟಿವಿಯ ಸದ್ದು ಇತ್ತು, ಅದು ನಿಂತಿತು.

"ಹಾಗಾದ್ರೆ ಅವರಿಗೆ ನಿಜವಾಗ್ಲೂ ಕಡೀತಿತ್ತಾ?"

"ಹೌದು."

"ನಾಟಕ ಅಲ್ವಾ?"

"ಅಲ್ಲ."

"ನಾನು ಬೈತಿದ್ದೆ," ಎಂದಳು ಅವಳು. "ಡಾಕ್ಟ್ರೇ ಏನೂ ಇಲ್ಲ ಅಂದಿದ್ದಾರೆ, ನಿಮಗೇನು ಧಾಡಿ ಅಂತ. ಕೊನೇ ಒಂದು ತಿಂಗಳು ಕಡಿಯುತ್ತೆ ಅಂತ ಹೇಳೋದೇ ಬಿಟ್ಬಿಟ್ಟಿದ್ರು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಕೆರ್ಕೋತಿದ್ರು, ನನಗೆ ಕೇಳಿಸ್ದೇ ಇರ್ಲಿ ಅಂತ." ಅವಳು ಅಳಲಿಲ್ಲ. ಅತ್ತಿದ್ದರೆ ಚಿಗುಸಾಗೆ ಸುಲಭವಿತ್ತು. ಚಾಪೆಯ ಮೇಲೆ ಯಾರೋ ಎದ್ದು ನಡೆದ ಸದ್ದು, ಮನೆಯೊಳಗೆ ಸತ್ತವರನ್ನಿಟ್ಟು ಪೂಜಿಸುವ ಗೂಡಿನ ಸಣ್ಣ ಬಾಗಿಲು ತೆರೆದ ಸದ್ದು.

"ಇನ್ನೊಂದು ಸಲ ಹೇಳಿ," ಎಂದಳು ಆ ಮುದುಕಿ. "ಅವರ ಫೋಟೋ ಮುಂದೆ ಫೋನು ಹಿಡೀತೀನಿ. ನಾನು ಹೇಳಿದ್ರೆ ನಂಬಲ್ಲ ಅವರು. ಜೋರಾಗಿ ಹೇಳಿ, ಕಿವಿ ಸ್ವಲ್ಪ ಮಂದ."

ಚಿಗುಸಾ ಕುರ್ಚಿಯಿಂದ ಎದ್ದು ನಿಂತಳು. ಮೇಷ್ಟ್ರೂ ಎದ್ದರು, ಎದ್ದು ಕೈಗಳನ್ನು ತೊಡೆಗೆ ಒತ್ತಿ ಫೋನಿನ ಮುಂದೆ ಸೊಂಟದವರೆಗೆ ಬಾಗಿದರು, ಬಾಗಿದವರು ಮೇಲೇಳಲಿಲ್ಲ. ಅವಳೂ ಬಾಗಿದಳು.

"ನುಕುಯಿ ಅವರೇ," ಎಂದಳು ಗಟ್ಟಿಯಾಗಿ, "ನಿಮಗೆ ನಿಜವಾಗ್ಲೂ ಕಡೀತಿತ್ತು."